ಜೋಗೇಶ್ವರಿಯಲ್ಲಿ ಸಾಸಿವೆ ಸಿಡಿದ ಸದ್ದು

ಆ ದಿನ ಆ ಕೋಣೆಯಲ್ಲಿ ಇದ್ದವರು ನಾವು ನಾಲ್ಕೇ ಜನ. ನನ್ನ ತಮ್ಮ ನಾಗರಾಜ, ಅವನ ಹೆಂಡತಿಯ ಅಣ್ಣ ಸದಾನಂದ, ಕಾರಿಗೂ ವರ್ಕ್‌ಶಾಪಿಗೂ ಯಜಮಾನರಾದ ಸೇಟ್, ಮತ್ತೆ ಮೈಸೂರಿನಿಂದ ಸೀಮಂತದ ಹೆಸರಿನಲ್ಲಿ ಹೋಗಿ ಎಂಜಿನ್ನಿನ ಎದುರು ತಲೆಗೆ ಸೆರಗು ಹೊದ್ದು ನಿಂತಿದ್ದ ನಾನು. ಕಾರು ಹೊರಗೆ ತಗಡಿನ ಚಾವಣಿಯ ಕೆಳಗಿತ್ತು. ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಜಪಾನಿನದು. ಸೇಟ್ ಅವರ ನೆಂಟರೊಬ್ಬರು ದುಬೈಯಿಂದ ಹಡಗಿನಲ್ಲಿ ತರಿಸಿದ್ದು. ಅದರ ಎಂಜಿನ್ನನ್ನು ಕಳಚಿ ಒಳಗೆ ಕಬ್ಬಿಣದ ಪೀಠದ ಮೇಲೆ ಕೂರಿಸಿದ್ದರು. ಗರ್ಭಗುಡಿಯಲ್ಲಿ ದೇವರನ್ನು ಕೂರಿಸಿದ ಹಾಗಿದೆಯಲ್ಲೋ ಎಂದು ನಾನು ನಗೆಯಾಡಿದ್ದೆ. ಆ ನಗೆಯನ್ನು ಈಗ ನೆನೆಸಿಕೊಳ್ಳಲು ಮನಸ್ಸು ಬರುವುದಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೊಂಬಾಯಿ ನಮ್ಮ ದೇಶದಲ್ಲೇ ಇದೆ ಎನ್ನುವುದು ನಕ್ಷೆಯ ಮಾತು. ನಂಜನಗೂಡು, ಶ್ರೀರಂಗಪಟ್ಟಣ, ಹೆಚ್ಚೆಂದರೆ ಬೆಂಗಳೂರು ಇಷ್ಟು ಲೋಕ ಕಂಡಿದ್ದ ನನಗೆ ಅದು ಪರದೇಶವೇ. ಹೊರಡುವಾಗ ನಮ್ಮತ್ತೆ, "ಆ ಕಡೆ ನೀರು ಒಗ್ಗುತ್ತೋ ಇಲ್ಲವೋ, ಜೀರಿಗೆ ಹಾಕಿ ಕುದಿಸಿಕೊಂಡು ಕುಡಿಯಮ್ಮ" ಎಂದು ವಿಲಾಯತಿಗೆ ಕಳಿಸುವವರ ಹಾಗೆ ಕಳಿಸಿಕೊಟ್ಟರು. ನಮ್ಮಮ್ಮ ತೀರಿಹೋಗಿ ಬಹಳ ವರ್ಷವಾಗಿತ್ತು. ನಾಗನ ಹೆಂಡತಿ ವಾಸಂತಿಗೆ ಏಳು ತುಂಬುತ್ತಿತ್ತು. ಗಂಡನ ಮನೆಯ ಕಡೆಯಿಂದ ಹಸಿರು ಸೀರೆ ಉಡಿಸಿ ಬಳೆ ತೊಡಿಸಲು ನನ್ನನ್ನು ಬಿಟ್ಟರೆ ಇನ್ನಾರೂ ಇರಲಿಲ್ಲ.

ದಾದರ್

ದಾದರಿನಲ್ಲಿ ಇಳಿದಾಗ ನನ್ನ ಒಂದು ಕೈಯಲ್ಲಿ ಕಜ್ಜಾಯದ ಡಬ್ಬ, ಇನ್ನೊಂದರಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಬಳೆಗಳು. ನಾಗ ಹೇಳಿದ ಜಾಗದಲ್ಲೇ ನಿಂತಿದ್ದ, ಆದರೆ ಬೆನ್ನು ಮಾಡಿಕೊಂಡು. ನಾನು "ನಾಗಾ! ಏ ನಾಗಾ!" ಎಂದು ಕೂಗಿದೆ. ಹಿತ್ತಲಿನಿಂದ ಬೀದಿ ಕೊನೆಯವರೆಗೆ ಕೇಳಿಸುತ್ತಿದ್ದ ಗಂಟಲು ನನ್ನದು. ಕೂಲಿಯೊಬ್ಬ ತಿರುಗಿದ, ಮೀನಿನ ಬುಟ್ಟಿಯ ಹೆಂಗಸು ತಿರುಗಿದಳು, ಅರ್ಧ ಪ್ಲಾಟ್‌ಫಾರ್ಮ್ ತಿರುಗಿ ನೋಡಿತು. ನಾಗ ತಿರುಗಲಿಲ್ಲ. ಹತ್ತಿರ ಹೋಗಿ ಕಜ್ಜಾಯದ ಡಬ್ಬದಿಂದ ಬೆನ್ನಿಗೆ ತಿವಿದೆ.

"ಅಯ್ಯೋ ಅಕ್ಕ! ಯಾವಾಗ ಬಂದೆ? ಚಲೋ ಚಲೋ, ಇನ್ನು ಭೀಡ್ ಆಗತ್ತೆ."

"ಏನೋ ಅದು ಭೀಡು?"

"ಜನ ಅಕ್ಕ, ಜನ."

ಬೊಂಬಾಯಿಯ ಗದ್ದಲ ಕಿವಿಗೆ ಹೀಗೆ ಮಾಡುತ್ತದೆ ಎಂದುಕೊಂಡೆ. ಟ್ಯಾಕ್ಸಿಯಲ್ಲಿ ಅವನು ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದ. ನಾನು ಊರಿನ ಸುದ್ದಿ ಹೇಳುವಾಗ ಒಂದು ಕ್ಷಣವೂ ಕಣ್ಣು ಕದಲಿಸಲಿಲ್ಲ. ಮದುವೆಯಾಗಿ ಹೋದ ಮೇಲೆ ತಮ್ಮಂದಿರು ಅಕ್ಕನ ಮಾತನ್ನು ಹೀಗೆ ಕೇಳುವುದುಂಟೇ? ನನ್ನ ಎದೆ ತುಂಬಿ ಬಂತು. ಅವನು ನೋಡುತ್ತಿದ್ದದ್ದು ನನ್ನ ತುಟಿಗಳನ್ನು ಎಂದು ಆಗ ತಿಳಿಯಲಿಲ್ಲ.

ಆಂಟಾಪ್ ಹಿಲ್

ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಬಾಗಿಲು ತೆರೆದರೆ ಎದುರುಮನೆ ಮಾಮಿಯ ಬಾಗಿಲು. ಮೈಸೂರಿನಲ್ಲಿ ಪಕ್ಕದ ಮನೆಯವರ ಗುಟ್ಟು ತಿಳಿಯಲು ಬಾವಿಕಟ್ಟೆಗೆ ಹೋಗಬೇಕು. ಇಲ್ಲಿ ಹಾಸಿಗೆಯಲ್ಲಿ ಮಲಗಿದ್ದರೆ ಸಾಕು. ನಲ್ಲಿಯಲ್ಲಿ ನೀರು ಬರುವುದು ಮುಂಜಾನೆ ಸ್ವಲ್ಪ ಹೊತ್ತು. ಆ ಹೊತ್ತಿನಲ್ಲಿ ಇಡೀ ಬಿಲ್ಡಿಂಗ್ ಎದ್ದು ತುಂಬಿಸುತ್ತದೆ, ತೊಳೆಯುತ್ತದೆ, ಬೇಯಿಸುತ್ತದೆ. ಮೇಲಿನಿಂದ ಕೆಳಗಿನವರೆಗೆ ಕುಕ್ಕರುಗಳು ಒಂದರ ಹಿಂದೊಂದು ಕೂಗುತ್ತವೆ. ತಮ್ಮ ಕುಕ್ಕರಿನ ದನಿಯನ್ನು ಹೆಂಗಸರು ಮಕ್ಕಳ ದನಿಯನ್ನು ಗುರುತಿಸಿದ ಹಾಗೆ ಗುರುತಿಸುತ್ತಾರೆ.

ಮರುದಿನ ವಾಸಂತಿ ಹಾಲಿಗೆಂದು ಕೆಳಗಿಳಿದಳು. ನಾನು ಸ್ನಾನಕ್ಕೆ ಹೋಗಿದ್ದೆ. ನಾಗ ಒಲೆಯ ಪಕ್ಕದಲ್ಲೇ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆಯುತ್ತಿದ್ದ. ಕುಕ್ಕರು ಕೂಗಿತು, ಮತ್ತೆ ಕೂಗಿತು, ಕೂಗುತ್ತಲೇ ಹೋಯಿತು. "ಲೋ, ಆರಿಸೋ!" ಎಂದು ಬಚ್ಚಲಿನಿಂದ ಅರಚಿದೆ. ಎದುರುಮನೆ ಮಾಮಿಯೂ ಅರಚಿದಳು. ಒದ್ದೆ ಸೀರೆ ಸುತ್ತಿಕೊಂಡು ಓಡಿ ಬಂದು ನಾನೇ ಆರಿಸಬೇಕಾಯಿತು. ಅನ್ನ ಸೀದು ಹೋಗಿತ್ತು. ನಾಗ ಕೆನ್ನೆಯ ಮೇಲೆ ನೊರೆ ಹಾಗೇ ಬಿಟ್ಟು ಒಮ್ಮೆ ನನ್ನನ್ನೂ ಒಮ್ಮೆ ಕುಕ್ಕರನ್ನೂ ನೋಡಿದ.

ಸೀಮಂತ ಚಿಕ್ಕದಾಗಿ ಚೊಕ್ಕವಾಗಿ ಆಯಿತು. ಸದಾನಂದ ಬೆಲ್ಲದ ಪಾಯಸದ ದೊಡ್ಡ ಪಾತ್ರೆಯನ್ನು ತಾನೇ ಹೊತ್ತು ತಂದ. ಆರಡಿ ಆಳು, ನಕ್ಕರೆ ಗೋಡೆಯ ಕ್ಯಾಲೆಂಡರು ಅಲ್ಲಾಡುತ್ತಿತ್ತು. ಉಡುಪಿಯ ಕಡೆ ವರ್ಷಗಟ್ಟಲೆ ಬಸ್ಸು ಓಡಿಸಿದವನು. ಈಗ ನಾಗನ ಜತೆಯಲ್ಲೇ ಜೋಗೇಶ್ವರಿಯ ವರ್ಕ್‌ಶಾಪಿನಲ್ಲಿ ಕೆಲಸ. ಇಬ್ಬರೂ ಪರಸ್ಪರ ಬಾವ ಎಂದು ಕರೆಯುತ್ತಿದ್ದರು, ಆದರೆ ಆ ಒಂದು ಮಾತು ಬಿಟ್ಟರೆ ಉಳಿದದ್ದೆಲ್ಲ ಹಿಂದಿ. ನಾನು ಎದುರಿಗೆ ಕುಳಿತು ಕಣ್ಣು ಪಿಳಿಪಿಳಿ ಬಿಡುವುದನ್ನು ಕಂಡು ವಾಸಂತಿ ಅಣ್ಣನನ್ನು ಗದರಿದಳು.

"ಅಣ್ಣಾ, ಅಕ್ಕ ಇರುವಾಗ ನಿಮ್ಮ ಹಿಂದಿ ಎಲ್ಲ ಬೇಡ. ಮನೆಗೆ ಬಂದವ್ರನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಮಾತಾಡಿದ ಹಾಗಾಗ್ತದೆ."

"ಹೌದು ಮಾರಾಯ್ತಿ, ತಪ್ಪಾಯ್ತು" ಎಂದು ಅವನು ನನಗೆ ಕೈ ಮುಗಿದ. "ಅಕ್ಕಾ, ಇನ್ನು ನೀವು ಹೋಗುವವರೆಗೆ ಕನ್ನಡವೇ. ಬಾವ, ಕೇಳ್ತಾ?"

ಬಳೆ ತೊಡಿಸುವಾಗ ನಾನು ವಾಸಂತಿಯ ಕೈಯನ್ನು ಮೆಲ್ಲಗೆ ಅಲ್ಲಾಡಿಸಿದೆ. ಹಸಿರು ಬಳೆಗಳು ಗಲಗಲ ಎಂದವು. "ಒಳಗಿರೋ ಮಗುವಿಗೆ ಕೇಳಿಸ್ಲಿ ಅಂತಲೇ ಗಾಜಿನ ಬಳೆ ಹಾಕೋದು, ನಮ್ಮಜ್ಜಿ ಹೇಳ್ತಿದ್ರು" ಎಂದೆ.

ಅವಳು ತಲೆ ತಗ್ಗಿಸಿ ನನಗಷ್ಟೇ ಕೇಳುವಂತೆ ಹೇಳಿದಳು: "ಮಗುವಿಗೆ ಕೇಳ್ತದೆ ಅಕ್ಕ. ಇವ್ರಿಗೆ ಕೇಳುದಿಲ್ಲ."

ಎಲ್ಲರೂ ಊಟ ಮಾಡಿ ಹೋದ ಮೇಲೆ ಅಡುಗೆಮನೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಎಂಜಿನ್ನುಗಳ ಮುಂದೆ ವರ್ಷಗಟ್ಟಲೆ ನಿಂತು ನಿಂತು ನಾಗನ ಕಿವಿ ಸತ್ತಿತ್ತು. ಪೂರ್ತಿ ಅಲ್ಲ. ಲಾರಿಯ ಗುಡುಗು ಕೇಳುತ್ತದೆ, ಗಂಡಸರ ದಪ್ಪ ದನಿ ಕೇಳುತ್ತದೆ. ಚೂಪಾದ ಸದ್ದು, ಸಣ್ಣ ಸದ್ದು ಹೋಗಿಬಿಟ್ಟಿದೆ. ಅದು ಇನ್ನು ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಎಂಜಿನ್ನುಗಳ ಶಕ್ತಿ ಹೆಚ್ಚಿಸುವ ನಾಗನ ಕೆಲಸಕ್ಕೆ ಬೇಕಾದದ್ದೇ ಆ ಸಣ್ಣ ಸದ್ದು. ಆರು ತಿಂಗಳಿಂದ ವಾಸಂತಿ ಊಟದ ಡಬ್ಬ ತೆಗೆದುಕೊಂಡು ಹೋಗುವ ನೆಪದಲ್ಲಿ ವರ್ಕ್‌ಶಾಪಿಗೆ ಹೋಗಿ ಅವನ ಕಿವಿಯಾಗಿದ್ದಳು. ಈಗ ಹೊಟ್ಟೆ ಮುಂದೆ ಬಂದಿದೆ, ಆ ಅಬ್ಬರದ ಹತ್ತಿರ ಹೋಗಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

"ಈ ಎಂಜಿನ್ ಸೇಟ್ ಕೇಳಿದಷ್ಟು ಶಕ್ತಿ ಕೊಟ್ರೆ ವರ್ಕ್‌ಶಾಪ್ ಇವ್ರ ಕೈಗೆ ಬರ್ತದೆ. ಕಿವಿ ವಿಷಯ ಗೊತ್ತಾದ್ರೆ ನಾಳೆಯಿಂದ ಬರ್ಬೇಡ ಅಂತಾರೆ. ಕಿವಿ ಇಲ್ಲದವ್ರನ್ನು ಈ ಕೆಲ್ಸಕ್ಕೆ ಯಾರು ಇಟ್ಕೊಳ್ತಾರೆ, ಹೇಳಿ?"

"ನಿನ್ನ ಅಣ್ಣನಿಗೆ ಗೊತ್ತಾ?"

"ಅವ್ನಿಗೆ ಮಾತ್ರ. ನೀವು ಹೋಗ್ತೀರಾ ಅಕ್ಕ?"

"ನಾನಾ? ನನಗೆ ಸೈಕಲ್ಲು ಗೊತ್ತಿಲ್ಲ ಕಣೇ."

ಅವಳು ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಹಾಕಿ ಮುಚ್ಚಳ ಮುಚ್ಚಿದಳು. ಒಳಗೆ ಚಿಟಿಚಿಟಿ ಸಿಡಿಯತೊಡಗಿತು.

"ಇದೇ ಸದ್ದು. ಎಂಜಿನ್ ಒಳಗೆ ಇದು ಕೇಳಿದ ಕೂಡ್ಲೇ ಇವ್ರ ಭುಜ ತಟ್ಟಬೇಕು. ಒಗ್ಗರಣೆ ಹೊತ್ತುವಷ್ಟು ತಡ ಆದ್ರೂ ಒಳಗಿನ ಪಿಸ್ಟನ್ ಕರಗಿ ಹೋಗ್ತದೆ."

ಮೂವತ್ತು ವರ್ಷ ಒಗ್ಗರಣೆ ಹಾಕಿದ ಕಿವಿ ನನ್ನದು. ಒಪ್ಪಿಕೊಂಡೆ.

ವಡಾಲಾ, ಬಾಂದ್ರಾ, ಜೋಗೇಶ್ವರಿ

ವಡಾಲಾದಲ್ಲಿ ಲೋಕಲ್ ಹತ್ತಿ ಬಾಂದ್ರಾದಲ್ಲಿ ಇನ್ನೊಂದಕ್ಕೆ ಬದಲಿಸಬೇಕು. ನಾಗ ಗಂಡಸರ ಡಬ್ಬಿ, ನಾನು ಹೆಂಗಸರದು. ನಮ್ಮ ಕಡೆ ರೈಲಿನಲ್ಲಿ ಕುಳಿತ ಕೂಡಲೇ "ಯಾವೂರಾಯ್ತಮ್ಮ?" ಎಂದು ಕೇಳುತ್ತಾರೆ. ಇಲ್ಲಿ ಯಾರಿಗೂ ನಿಮ್ಮ ಊರು ಬೇಡ. "ಕಹಾಂ ಉತರೋಗಿ?" ಎಂದು ಒಬ್ಬಳಾದ ಮೇಲೆ ಒಬ್ಬಳು ಕೇಳಿದಳು. ಎಲ್ಲಿ ಇಳಿಯುತ್ತೀ ಎಂದು ಇಷ್ಟು ಜನಕ್ಕೆ ನನ್ನ ಮೇಲೆ ಕಾಳಜಿ ಇದೆಯಲ್ಲ ಎಂದು ನಾನು ಎಲ್ಲರಿಗೂ ನಗುನಗುತ್ತ "ಜೋಗೇಶ್ವರಿ, ಜೋಗೇಶ್ವರಿ" ಎಂದೆ. ಆಮೇಲೆ ತಿಳಿಯಿತು, ನಾನು ಎದ್ದ ಜಾಗದಲ್ಲಿ ಯಾರು ಕೂರಬೇಕು ಎನ್ನುವ ಲೆಕ್ಕ ಅದು. ಪಕ್ಕದವಳು ಚೀಲದಿಂದ ಬೀನ್ಸ್ ತೆಗೆದು ಮಡಿಲಿನಲ್ಲಿ ಹಾಕಿಕೊಂಡು ನಾರು ಬಿಡಿಸತೊಡಗಿದಳು. ಸುಮ್ಮನೆ ಕೂರಲು ನನ್ನ ಕೈ ಒಪ್ಪಲಿಲ್ಲ, ಒಂದು ಹಿಡಿ ತೆಗೆದುಕೊಂಡೆ. ಭಾಷೆಯೇ ಇಲ್ಲದೆ ಇಬ್ಬರೂ ಮಾತಾಡುತ್ತ ನಾರು ಬಿಡಿಸುವಷ್ಟರಲ್ಲಿ ಜೋಗೇಶ್ವರಿ ಹಿಂದಕ್ಕೆ ಹೋಗಿತ್ತು. ಗೋರೆಗಾಂವಿನಲ್ಲಿ ಇಳಿದು, ಅವರಿವರಿಗೆ ಕೈಸನ್ನೆ ಮಾಡಿ, ತಿರುಗಿ ಬಂದೆ.

ನಾಗ ಪ್ಲಾಟ್‌ಫಾರ್ಮಿನಲ್ಲಿ ಹೆಂಗಸರ ಡಬ್ಬಿ ನಿಲ್ಲುವ ಕಡೆ ನಿಂತು ಬಂದ ಗಾಡಿಯಿಂದ ಇಳಿದ ಒಂದೊಂದು ಮುಖವನ್ನೂ ನೋಡುತ್ತಿದ್ದ. ಕೂಗಿದರೆ ತನಗೆ ಕೇಳುವುದಿಲ್ಲ ಎಂದು ತಿಳಿದವನು ಮಾತ್ರ ಹಾಗೆ ನೋಡುತ್ತಾನೆ. ನನ್ನನ್ನು ಕಂಡು, "ನೀನು ಸಿಗದೇ ಹೋದ್ರೆ ಊರಲ್ಲಿ ನಿನ್ನ ಯಜಮಾನ್ರಿಗೆ ಏನು ಹೇಳ್ಲಿ ಅಂತಿದ್ದೆ" ಎಂದ.

"ಗೊತ್ತಾಯ್ತು ಕಣೋ ನಾಗ. ವಾಸಂತಿ ಹೇಳಿದಳು" ಎಂದೆ, ಅವನ ಮುಖಕ್ಕೆ ನೇರವಾಗಿ.

ಅವನು ಸ್ವಲ್ಪ ಹೊತ್ತು ಹಳಿಗಳನ್ನು ನೋಡಿದ. "ಮಗು ಅತ್ರೆ ನನಗೆ ಕೇಳಿಸಲ್ಲ ಅಕ್ಕ" ಎಂದ. "ಬೇರೆ ಎಲ್ಲದಕ್ಕೂ ಏನಾದ್ರೂ ಮಾಡ್ಕೋಬಹುದು. ಇದೊಂದು..." ನನ್ನ ಚೀಲ ತೆಗೆದುಕೊಂಡು ನಡೆದ.

ಸಣ್ಣ ಕಾರ್ಖಾನೆಗಳ ಕೋಣೆಗಳಿಗೆ ಅಲ್ಲಿ ಗಾಳಾ ಎನ್ನುತ್ತಾರೆ. ಒಂದರಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಪಕ್ಕದ್ದರಲ್ಲಿ ಬಿಸ್ಕತ್ತಿನ ತಗಡಿನ ಡಬ್ಬ, ಅದರಾಚೆ ನಮ್ಮವರ ವರ್ಕ್‌ಶಾಪು. ಎಂಜಿನ್ನಿನ ಪಕ್ಕೆಗೆ ಶಂಖದ ಆಕಾರದ ಕಬ್ಬಿಣ ಅಂಟಿಕೊಂಡಿತ್ತು. ಅದೇ ಟರ್ಬೊ. ನಾಗ ನನಗೆ ತಿಳಿಯುವ ಹಾಗೆ ಹೇಳಿದ: "ನಮ್ಮನೆ ಒಲೆ ನೆನಪಿದೆಯಾ? ಊದುಗೊಳವೆಯಲ್ಲಿ ಅಮ್ಮ ಊದ್ತಿದ್ಲು. ಇಲ್ಲಿ ಊದೋಕೆ ಯಾರೂ ಬೇಡ. ಒಲೆಯ ಹೊಗೆಯೇ ಹೊರಗೆ ಹೋಗ್ತಾ ಒಂದು ಫ್ಯಾನು ತಿರುಗಿಸತ್ತೆ, ಆ ಫ್ಯಾನು ಒಲೆಗೆ ಗಾಳಿ ಊದತ್ತೆ. ಉರಿ ಜಾಸ್ತಿ ಆದಷ್ಟೂ ಊದೋದು ಜಾಸ್ತಿ, ಊದಿದಷ್ಟೂ ಉರಿ ಜಾಸ್ತಿ."

"ಹಾಗಾದ್ರೆ ಅದಕ್ಕೆ ಸಾಕು ಅನ್ನೋರು ಯಾರೋ?"

"ನಾನೇ ಅಕ್ಕ. ಅದೇ ನನ್ನ ಕೆಲಸ."

ಎಂಜಿನ್ನಿನ ಇನ್ನೊಂದು ತುದಿಯಲ್ಲಿ ನೀರು ತುಂಬಿದ ದೊಡ್ಡ ಉಕ್ಕಿನ ಪೀಪಾಯಿ. ಅದು ನೀರಿನ ಬ್ರೇಕು. ಎಂಜಿನ್ನು ಅದರೊಳಗಿನ ಚಕ್ರವನ್ನು ತಿರುಗಿಸಲು ಹೆಣಗುತ್ತದೆ, ನೀರು ತಡೆಯುತ್ತದೆ. ಎಷ್ಟು ಹೆಣಗಿತು ಎಂದು ರೇಷನ್ ಡಿಪೋದ ತಕ್ಕಡಿಯಂಥ ಒಂದು ಮುಳ್ಳು ತೋರಿಸುತ್ತದೆ. ಅದರಿಂದ ಎಷ್ಟು ಕುದುರೆಯ ಶಕ್ತಿ ಎಂದು ಲೆಕ್ಕ. ಸೇಟ್ ಕೇಳಿದ್ದು ಇನ್ನೂರೈವತ್ತು. ಮದರಾಸಿನ ಕಡೆಯ ರೇಸಿನಲ್ಲಿ ಆ ಕಾರು ಓಡಬೇಕಿತ್ತು. ಇಲ್ಲಿನ ಪೆಟ್ರೋಲು ಅಷ್ಟು ಊದಿದರೆ ತಾಳುವುದಿಲ್ಲ, ಹೊತ್ತಿಗೆ ಮುಂಚೆ ಸಿಡಿಯುತ್ತದೆ. ಆ ಸಿಡಿತದ ಅಂಚಿನವರೆಗೆ ಹೋಗಿ ಕೂದಲೆಳೆಯಷ್ಟು ಹಿಂದೆ ನಿಲ್ಲಬೇಕು. ಅಂಚು ಎಲ್ಲಿದೆ ಎಂದು ಹೇಳುವುದು ಸಾಸಿವೆಯ ಸದ್ದು.

ಎಂಜಿನ್ನಿನ ಮೈಗೆ ಬಿಗಿದ ತಾಮ್ರದ ಕೊಳವೆ, ಅದಕ್ಕೆ ರಬ್ಬರಿನ ನಳಿಕೆ, ನಳಿಕೆಗೆ ಡಾಕ್ಟರ ಸ್ಟೆತಾಸ್ಕೋಪಿನ ಹಾಗೆ ಎರಡು ಕವಲು. ಒಂದು ನಾಗನ ಕಿವಿಗೆ, ನೋಡುವವರಿಗಾಗಿ. ಇನ್ನೊಂದು ಹಿಂದೆ ನಿಂತ ನನ್ನ ಕಿವಿಗೆ. ಪೆಟ್ರೋಲಿನ ಲಿವರು ಸದಾನಂದನ ಕೈಯಲ್ಲಿ; ಮುಂದಕ್ಕೆ ತಳ್ಳಿದರೆ ಎಂಜಿನ್ನು ಏರುತ್ತದೆ, ಕೈ ತೆಗೆದರೆ ಸ್ಪ್ರಿಂಗು ತಾನೇ ಹಿಂದಕ್ಕೆ ಎಳೆಯುತ್ತದೆ.

"ಇಲ್ಲಿ ನಾವು ಹೇಳುದು ಎರಡೇ ಮಾತು ಅಕ್ಕ" ಎಂದ ಸದಾನಂದ. "ಚಲ್ ಅಂದ್ರೆ ಕೊಡು, ಬಸ್ ಅಂದ್ರೆ ನಿಲ್ಲಿಸು. ಆದ್ರೆ ನೀವಿದ್ದೀರಲ್ಲ, ತಂಗಿ ಆರ್ಡರ್ ಆಗಿದೆ. ಕನ್ನಡವೇ."

ಆ ದಿನ ಸೇಟ್ ಬಂದಿರಲಿಲ್ಲ. ಮೆಲ್ಲಗೆ ಏರಿಸಿದರು. ಅಬ್ಬರಕ್ಕೆ ನನ್ನ ಹಲ್ಲು ಅದುರಿದವು. ಆದರೂ ನಳಿಕೆಯ ಒಳಗೆ, ಆ ಗುಡುಗಿನ ತಳದಲ್ಲಿ, ಮುಚ್ಚಳದ ಕೆಳಗೆ ಎರಡು ಕಾಳು ಸಿಡಿದದ್ದು ಕೇಳಿಸಿತು. ತಟ್ಟಿದೆ. ನಾಗ "ಸಾಕು ಬಾವ!" ಎಂದ. ಸದಾನಂದ ಕೈ ತೆಗೆದ. ಎಂಜಿನ್ನು ತಣ್ಣಗಾಯಿತು. ನಾಗ ಏನನ್ನೋ ಚೂರು ತಿರುಗಿಸಿದ, ಮತ್ತೆ ಏರಿಸಿದರು. ಈ ಸಲ ಸಿಡಿಯಲಿಲ್ಲ. ಅವನು ತಿರುಗಿ ನನ್ನನ್ನು ನೋಡಿ ನಕ್ಕ ನಗು, ಚಿಕ್ಕಂದಿನಲ್ಲಿ ನನ್ನ ಪಾಲಿನ ಕೊಬ್ಬರಿ ಮಿಠಾಯಿಯನ್ನೂ ಕೊಟ್ಟಾಗ ನಗುತ್ತಿದ್ದನಲ್ಲ, ಅದೇ.

ಚಹಾ ಕುಡಿಯುವಾಗ ಸದಾನಂದ ಬಸ್ಸಿನ ಕಾಲದ ಕಥೆ ತೆಗೆದ. "ನಮ್ಮ ಕಂಡಕ್ಟರ್ ಹಿಂದಿನಿಂದ ಬಾಗಿಲಿಗೆ ಬಡಿದು 'ಬಿಡಿ ಬಿಡಿ' ಅಂದ್ರೆ ಮುಗೀತು, ನಾನು ಹೋದದ್ದೇ. ಕನ್ನಡಿ ಗಿನ್ನಡಿ ನೋಡುದೆಲ್ಲ ಇಲ್ಲ. ಒಮ್ಮೆ ಎಂತಾಯ್ತು ಗೊತ್ತುಂಟಾ? ಬಿಡಿ ಅಂದ, ಬಿಟ್ಟೆ. ಕಾರ್ಕಳ ಮುಟ್ಟಿದ ಮೇಲೆ ನೋಡ್ತೇನೆ, ಕಂಡಕ್ಟರೇ ಇಲ್ಲ!"

ನಾವು ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಸೇಟ್ ಬಂದ ದಿನ

ಸೇಟ್ ಬಿಳಿ ಬಟ್ಟೆಯಲ್ಲಿ ಬಂದರು. ವಯಸ್ಸು ಹೆಚ್ಚಿಲ್ಲ, ಮಾತು ಮೆದು. ನನ್ನನ್ನು ನೋಡಿ "ನಮಸ್ತೆ ದೀದಿ" ಎಂದು ಬಗ್ಗಿದರು. ಅವರ ಮನೆಯ ಹಿರಿಯ ಹೆಂಗಸರು ಪರಗಂಡಸರ ಎದುರು ತಲೆಗೆ ಸೆರಗು ಹೊದೆಯುತ್ತಾರಂತೆ. ನಾನೂ ಹೊದ್ದಿದ್ದೆ. ಮೈಸೂರಿನಲ್ಲಿ ಯಾರಾದರೂ ಕಂಡಿದ್ದರೆ ನಕ್ಕಿರುತ್ತಿದ್ದರು. ಆದರೆ ಸೆರಗಿನ ಕೆಳಗೆ ಕಿವಿಯಲ್ಲಿ ರಬ್ಬರಿನ ನಳಿಕೆ ಇತ್ತು. ತಮ್ಮನ ಎಂಜಿನ್ನಿಗೆ ಆರತಿ ಮಾಡಲು ಬಂದ ಅಕ್ಕ ಎಂದು ನಾಗ ಪರಿಚಯಿಸಿದ. ನಾನು ಕುಂಕುಮ ಹಚ್ಚಿದೆ, ಆರತಿ ಎತ್ತಿದೆ. ಸೇಟ್ ಭಕ್ತಿಯಿಂದ ಕಣ್ಣು ಮುಚ್ಚಿದರು. ಆಮೇಲೆ ನಾನು ನಾಗನ ಬೆನ್ನ ಹಿಂದೆ ನಿಂತೆ. ಅವರು ಬಾಗಿಲ ಬಳಿ ನಿಂತರು.

ಮೊದಲ ಸಲ ಚೆನ್ನಾಗಿ ಏರಿತು. ಎರಡನೆಯ ಸಲವೂ. ಪ್ರತಿ ಸಲವೂ ಮುಳ್ಳು ಸ್ವಲ್ಪ ಸ್ವಲ್ಪ ಮುಂದೆ ಹೋಯಿತು. ಸೇಟ್ ಮಕ್ಕಳ ಹಾಗೆ "ಕಿತ್ನೆ ಘೋಡೆ? ಕಿತ್ನೆ ಘೋಡೆ?" ಎಂದು, ಎಷ್ಟು ಕುದುರೆ ಬಂತು ಎಂದು ಕೇಳುತ್ತಿದ್ದರು. ನಾಗ ಬೆರಳೆತ್ತಿ ಇನ್ನೊಂದೇ ಸಲ ಎಂದು ತೋರಿಸಿದ. ಆ ಇನ್ನೊಂದು ಸಲ ಆದರೆ ಕೇಳಿದಷ್ಟು ಬರುತ್ತಿತ್ತು. ವರ್ಕ್‌ಶಾಪು ಅವನದಾಗುತ್ತಿತ್ತು.

ಎಂಜಿನ್ನು ಏರಿತು. ಹೊಗೆಯ ಕೊಳವೆ ಕೆಂಡದ ಹಾಗೆ ಕೆಂಪಾಯಿತು. ಶಂಖದ ಸೀಟಿ ಸಣ್ಣದಾಗುತ್ತ ಸಣ್ಣದಾಗುತ್ತ ಮೇಲಕ್ಕೆ ಹೋಯಿತು. ಸದಾನಂದ ಲಿವರನ್ನು ಮುಕ್ಕಾಲು ಪಾಲು ತಳ್ಳಿ ಹಿಡಿದಿದ್ದ. ಆಗ ಸಾಸಿವೆ ಸಿಡಿಯಿತು. ಎರಡು ಕಾಳಲ್ಲ, ಒಂದು ಹಿಡಿ. ನಾನು ನಾಗನ ಭುಜವನ್ನು ಜೋರಾಗಿ ತಟ್ಟಿದೆ.

"ಬಾವ, ಬಿಡಿ!" ಎಂದು ನಾಗ ಕೂಗಿದ.

ಲಿವರು ಬಿಡಿ, ಕೈ ಬಿಡಿ ಎಂದು ಅವನ ಮನಸ್ಸಿನಲ್ಲಿ. ಮೈಸೂರಿನವರು ಹಾಗೆಯೇ ಹೇಳುವುದು. ಸದಾನಂದನ ಬೆನ್ನ ಹಿಂದಿನಿಂದ ಆ ಅಬ್ಬರದಲ್ಲಿ ಒಂದೇ ಮಾತು ಬಂದು ತಲುಪಿತು: ಬಿಡಿ. ವರ್ಷಗಟ್ಟಲೆ ಸ್ಟೇರಿಂಗಿನ ಮುಂದೆ ಕುಳಿತವನಿಗೆ ಹಿಂದಿನಿಂದ ಬರುವ ಆ ಮಾತಿಗೆ ಒಂದೇ ಅರ್ಥ. ಅವನು ಲಿವರನ್ನು ಕೊನೆಯವರೆಗೆ ತಳ್ಳಿದ.

ಸೀಟಿ ಇನ್ನೂ ಮೇಲಕ್ಕೆ ಹೋಯಿತು. ನನಗೆ ಕೇಳಿಸಿತು, ಆದರೆ ಅದು ಏರುತ್ತಿದೆಯೋ ಇಳಿಯುವ ಮುಂಚಿನ ಸದ್ದೋ ನನಗೇನು ತಿಳಿಯಬೇಕು. ತಿಳಿಯಬೇಕಾದವನಿಗೆ ಕೇಳಿಸಲಿಲ್ಲ. ಅವನು ಮುಳ್ಳನ್ನು ನೋಡುತ್ತಿದ್ದ. ಮುಳ್ಳು ಮುಂದೆ ಹೋದದ್ದು ಕಂಡು ಅವನು ತಲೆ ಎತ್ತುವಷ್ಟರಲ್ಲಿ ಎಂಜಿನ್ನಿನ ಪಕ್ಕೆ ಒಡೆದು ಒಳಗಿನ ಕಬ್ಬಿಣದ ತೋಳು ಲಿವರಿನ ಕಡೆಗೇ ಹೊರಗೆ ಬಂತು.

ಆಮೇಲೆ ಎಲ್ಲ ನಿಶ್ಶಬ್ದ. ಬಿಸಿ ಎಣ್ಣೆ ಗೋಡೆಯಿಂದ ಇಳಿಯುತ್ತಿತ್ತು. ಒಂದು ಕಡೆ ಹೊತ್ತಿಕೊಂಡ ಬೆಂಕಿಗೆ ಸೇಟ್ ತಮ್ಮ ಬಿಳಿ ಬಟ್ಟೆಯಲ್ಲೇ ಮರಳಿನ ಬಕೆಟ್ಟು ಸುರಿದರು. ಸದಾನಂದ ನೆಲದ ಮೇಲೆ ಕುಳಿತು ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ, ಬೇರೆಯವರ ವಸ್ತುವನ್ನು ಹಿಡಿದುಕೊಂಡವನ ಹಾಗೆ. ನಾನು ತಲೆಯ ಸೆರಗು ತೆಗೆದು ಹರಿದು ಅದಕ್ಕೆ ಸುತ್ತಿದೆ. ರಬ್ಬರಿನ ನಳಿಕೆ ನನ್ನ ಕಿವಿಯಿಂದ ಜೋತುಬಿದ್ದದ್ದನ್ನು ಸೇಟ್ ನೋಡಿದರು.

ಆಸ್ಪತ್ರೆಯ ವರಾಂಡ

ಸೇಟ್ ತಾವೇ ತಮ್ಮ ಇನ್ನೊಂದು ಕಾರಿನಲ್ಲಿ ಕರೆದುಕೊಂಡು ಹೋದರು. ವರಾಂಡದ ಬೆಂಚಿನ ಮೇಲೆ ಕಾದೆವು. ನಮ್ಮ ಕಡೆ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಹತ್ತು ಜನ ಅಳುತ್ತಾರೆ. ಇಲ್ಲಿ ಎಲ್ಲರೂ ಗೋಡೆ ನೋಡುತ್ತ ಕುಳಿತಿರುತ್ತಾರೆ, ಲೋಕಲಿಗೆ ಕಾಯುವವರ ಹಾಗೆ.

ಸದಾನಂದನ ಬಲಗೈಯ ಎರಡು ಬೆರಳು ಉಳಿಯಲಿಲ್ಲ. ಉಳಿದವನ್ನು ಇನ್ನು ಮಡಿಸಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಒಳಗೆ ಹೋದಾಗ ಅವನಿಗೆ ಎಚ್ಚರವಿತ್ತು. ಅಷ್ಟು ದೊಡ್ಡ ಆಳು ಹಾಸಿಗೆಯಲ್ಲಿ ಸಣ್ಣವನಾಗಿ ಕಂಡ.

ಸೇಟ್ ಬಾಗಿಲಲ್ಲಿ ನಿಂತು ನಾಗನನ್ನು ಕೇಳಿದರು: "ಇಸ್ನೆ ಪೂರಾ ಕ್ಯೂಂ ಖೋಲಾ?" ಇವನು ಪೂರ್ತಿ ಯಾಕೆ ತೆರೆದ ಎಂದು. ದನಿ ಮೆದುವಾಗಿಯೇ ಇತ್ತು. ಕುಡಿದಿದ್ದನೇ ಎಂದೂ ಕೇಳಿದರು.

ಸದಾನಂದ ನನ್ನನ್ನು ನೋಡಿ ಕನ್ನಡದಲ್ಲೇ ಹೇಳಿದ: "ಬಿಡಿ ಅಂದ್ರು ಅಕ್ಕ. ನಾನು ಬಿಟ್ಟೆ."

ನಾಗ ಅವನ ತುಟಿಗಳನ್ನು ನೋಡುತ್ತಿದ್ದ. ನೋಡಿ ಓದಿದ ಆ ಮಾತು ಒಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಲಿವರು ಬಾವ" ಎಂದ. "ಲಿವರು ಬಿಡಿ ಅಂದೆ." ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬೈಗುಳವಿಲ್ಲ, ಅಳುವಿಲ್ಲ. ಒಂದೇ ಮಾತನ್ನು ಇಬ್ಬರೂ ಎರಡು ಬದಿಯಿಂದ ಹಿಡಿದು ನಿಂತಿದ್ದರು. ಎಂದಿನ ಹಾಗೆ ಬಸ್ ಎಂದಿದ್ದರೆ ಆಗಿಬಿಡುತ್ತಿತ್ತು. ಮನೆಗೆ ಬಂದ ನೆಂಟರನ್ನು ಹೊಸ್ತಿಲ ಹೊರಗೆ ನಿಲ್ಲಿಸಬಾರದು ಎಂದು ಅವರು ಕನ್ನಡ ಆಡಿದ್ದರು.

ಸೇಟ್ ಮತ್ತೆ ಕೇಳಿದರು, ಸದಾನಂದನದೇ ತಪ್ಪಲ್ಲವೇ ಎಂದು. ಅದಕ್ಕೆ ಹೌದು ಎಂದರೆ ನಾಗ ಉಳಿಯುತ್ತಿದ್ದ. ಹಾಳಾದ ಎಂಜಿನ್ನಿಗೆ ಬದಲು ಇನ್ನೊಂದು ಬರುತ್ತಿತ್ತು, ಇನ್ನೊಂದು ರೇಸು ಬರುತ್ತಿತ್ತು. ನನಗೆ ಹಿಂದಿ ಬಾರದಿದ್ದರೂ ಅದು ತಿಳಿಯಿತು.

ನಾಗ ಇಲ್ಲ ಎಂದು ತಲೆಯಾಡಿಸಿದ. ತನ್ನ ಕಿವಿಯನ್ನು ಮುಟ್ಟಿ ತೋರಿಸಿದ. "ಮುಝೆ ಸುನಾಯಿ ನಹೀಂ ದೇತಾ ಸೇಟ್." ನನಗೆ ಕೇಳಿಸುವುದಿಲ್ಲ ಎಂದು. ಆಮೇಲೆ ನನ್ನನ್ನು ತೋರಿಸಿ, ಕಿವಿಯಾಗಿದ್ದವಳು ಇವಳು, ಇವಳಿಗೆ ಮುಂಚೆ ನನ್ನ ಹೆಂಡತಿ ಎಂದ. ಎಂಜಿನ್ನು ಏರುತ್ತಿರುವುದು ಕಿವಿ ಇದ್ದವನಿಗೆ ಆ ಕ್ಷಣದಲ್ಲೇ ತಿಳಿಯುತ್ತಿತ್ತು, ಇನ್ನೊಮ್ಮೆ ಕೂಗಿ ನಿಲ್ಲಿಸಬಹುದಿತ್ತು, ತನಗೆ ತಿಳಿಯಲಿಲ್ಲ, ಬಾವನ ತಪ್ಪಿಲ್ಲ ಎಂದ. ಅಷ್ಟು ಉದ್ದ ಮಾತನ್ನು ಅವನು ಒಮ್ಮೆಗೇ ಆಡಿದ್ದನ್ನು ನಾನು ಬಹಳ ಕಾಲದಿಂದ ಕೇಳಿರಲಿಲ್ಲ.

ಸೇಟ್ "ಕಬ್ ಸೆ?" ಎಂದಷ್ಟೇ ಕೇಳಿದರು. ಯಾವಾಗಿನಿಂದ. ನಾಗ ಹೇಳಿದ. ಸೇಟ್ ಸದಾನಂದನ ಆಸ್ಪತ್ರೆಯ ವಿಷಯ ತಾವು ನೋಡಿಕೊಳ್ಳುವುದಾಗಿ ಹೇಳಿ, ನನಗೆ ಕೈ ಮುಗಿದು ಹೊರಟರು. ನಾಗನ ಕೆಲಸದ ಬಗ್ಗೆ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮನೆಗೆ ಬಂದಾಗ ವಾಸಂತಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಹರಿದ ಸೆರಗನ್ನು ನೋಡಿದಳು. ಒಳಗೆ ಹೋಗಿ ಗೋಡೆಗೆ ಒರಗಿ ಕುಳಿತು, ಸೀಮಂತದ ಬಳೆಗಳನ್ನು ಒಂದೊಂದಾಗಿ ಮೊಣಕೈಯವರೆಗೆ ಸರಿಸಿಕೊಂಡಳು, ಸದ್ದಾಗದ ಹಾಗೆ.

ಮತ್ತೆ ಆಂಟಾಪ್ ಹಿಲ್

ನಾನು ಹೊರಟ ದಿನ ಲೋಕಲಿನಲ್ಲಿ ಮತ್ತೆ ಯಾರೋ "ಕಹಾಂ ಉತರೋಗಿ?" ಎಂದು ಕೇಳಿದರು. ಈ ಸಲ ನಗಲಿಲ್ಲ, ದಾದರ್ ಎಂದೆ. ಎದ್ದಾಗ ಕೇಳಿದವಳು ನನ್ನ ಜಾಗದಲ್ಲಿ ಕುಳಿತಳು.

ಮಗು ಹುಟ್ಟಿದ ಮೇಲೆ ಇನ್ನೊಮ್ಮೆ ಹೋದೆ. ಹೆಣ್ಣುಮಗು, ಸೋದರಮಾವನ ಹಾಗೆ ದೊಡ್ಡ ಮೈಕಟ್ಟು. ಸದಾನಂದ ಹತ್ತಿರದ ಹೋಟೆಲೊಂದರ ಗಲ್ಲಾದಲ್ಲಿ ಕುಳಿತು ಎಡಗೈಯಲ್ಲಿ ಚಿಲ್ಲರೆ ಎಣಿಸುತ್ತಿದ್ದ. ನನ್ನನ್ನು ಕಂಡು ಎದ್ದು ಬಂದು ಕಾಫಿ ಕೊಟ್ಟ. "ಎಂತ ಅಕ್ಕ, ಇನ್ನೂ ಬೀನ್ಸ್ ಬಿಡಿಸ್ತಾ ಗೋರೆಗಾಂವಿಗೆ ಹೋಗ್ತೀರಾ?" ಎಂದು ತಮಾಷೆ ಮಾಡಿದ. ಹಿಂದಿನಂತೆ ಗೋಡೆ ಅದುರುವ ನಗು ಬರಲಿಲ್ಲ. ನಾಗನಿಗೆ ಚೆಂಬೂರಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಬಾವಂದಿರು ಪ್ರತಿ ಭಾನುವಾರ ಸೇರುತ್ತಿದ್ದರು. ಮತ್ತೆ ಹಿಂದಿಯಲ್ಲೇ ಮಾತಾಡುತ್ತಿದ್ದರು, ನನ್ನ ಎದುರಿಗೂ. ವಾಸಂತಿ ಈ ಸಲ ಗದರಲಿಲ್ಲ.

ಒಂದು ಮಧ್ಯಾಹ್ನ ಊಟವಾಗಿ ವಾಸಂತಿ ಅಡುಗೆಮನೆಯಲ್ಲಿ ಅಡ್ಡಾಗಿದ್ದಳು. ನಾಗ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ನಿದ್ದೆಹೋಗಿದ್ದ. ತೊಟ್ಟಿಲಿನಿಂದ ಒಂದು ಬಿಳಿ ದಾರ ಇಳಿದು ನೆಲದ ಮೇಲೆ ಹಾದು ಅವನ ಕಾಲಿನ ಹೆಬ್ಬೆರಳಿಗೆ ಕಟ್ಟಿತ್ತು. ಎಷ್ಟು ಬಿಗಿ, ಎಷ್ಟು ಸಡಿಲ ಎಂದು ಹಲವು ದಿನ ಕಟ್ಟಿ ಬಿಚ್ಚಿ ನೋಡಿ ಸರಿಮಾಡಿದ್ದನಂತೆ.

ಮಗು ಎಚ್ಚರವಾಗಿ ಅಳಲು ಶುರುಮಾಡಿತು. ನಾನು ಏಳಲು ಹೋದೆ. ಅಷ್ಟರಲ್ಲಿ ಅದು ಕಾಲು ಒದ್ದಿತು, ತೊಟ್ಟಿಲು ಅಲುಗಿತು, ದಾರ ಜಗ್ಗಿತು. ನಾಗ ಎದ್ದು ಕುಳಿತು, ಬೆರಳಿನ ದಾರ ಬಿಚ್ಚಿ, ಮಗುವನ್ನು ಎತ್ತಿಕೊಂಡ.